ಕೈ ತೊಳೆದ ನೀರು

ಮುಂಬೈಯ ಮಾಟುಂಗದ ಕನ್ನಡ ಸಂಘದವರು ಮೊನ್ನೆ ಮನೆಗೆ ಬಂದಿದ್ದರು. ಕೆಮಿಸ್ಟ್ರಿ ಓದಿ ಈಗಷ್ಟೇ ಲ್ಯಾಬುಗಳಿಗೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಒಂದು ಪುಸ್ತಕ ತರುತ್ತಾರಂತೆ. "ನಿಮ್ಮ ಅನುಭವ ಬರೆದುಕೊಡಿ ಮೇಡಂ, ಓದಿದವರಿಗೆ ಸ್ಫೂರ್ತಿ ಬರಬೇಕು" ಎಂದರು. ಸ್ಫೂರ್ತಿಯಂತೆ! ಹೂಂ ಎಂದು ಕಾಫಿ ಕೊಟ್ಟು ಕಳಿಸಿದೆ. ಬರೆಯಲು ಕೂತ ಮೇಲೆ ನೆನಪಿಗೆ ಬಂದದ್ದೆಲ್ಲ ಮುಖ ಮುಚ್ಚಿಕೊಳ್ಳುವಂಥದ್ದೇ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಸೆಕ್ಷನ್ ಹೆಡ್ ಆದೆ ಎನ್ನುವುದು ಯಾರಿಗೆ ಬೇಕು? ನನಗೇ ಬೇಡ. ಸ್ಫೂರ್ತಿ ಬೇಕಾದವರು ಪುಟ ತಿರುಗಿಸಿ ಮುಂದಿನ ಲೇಖನಕ್ಕೆ ಹೋಗಿ. ನಾಚಿಕೆಯಿಂದ ಏನಾದರೂ ಕಲಿಯಬಹುದು ಎನ್ನುವವರು ಇಲ್ಲೇ ಕೂತಿರಿ.

ನನ್ನ ಕೆಲಸ ಏನು ಎಂದು ಮೊದಲು ಹೇಳಿಬಿಡುತ್ತೇನೆ. ದಹಿಸರ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಖಾಸಗಿ ಲ್ಯಾಬು. ಔಷಧಿ ಕಂಪನಿಗಳು ಕೊಳ್ಳುವ ಹಣ್ಣು ಕಾಯಿಗಳು ನಮ್ಮ ಹತ್ತಿರ ಬರುತ್ತಿದ್ದವು. ನೆಲ್ಲಿ, ಅಳಲೆ, ತಾರೆ, ನೇರಳೆ ಬೀಜ, ಬೇಲ. ಅವುಗಳಲ್ಲಿ ಮೈಗೆ ಬೇಕಾದ ಸುಣ್ಣ, ಕಬ್ಬಿಣ, ಸತು ಎಷ್ಟಿದೆ, ಬೇಡದ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಎಷ್ಟಿದೆ ಎಂದು ನೋಡಿ ರಿಪೋರ್ಟ್ ಕೊಡಬೇಕು. ಕೆಲಸದ ರೀತಿ ಸುಲಭ. ಹಣ್ಣನ್ನು ಒಣಗಿಸು, ಪುಡಿ ಮಾಡು, ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸು, ಆ ನೀರನ್ನು ಯಂತ್ರಕ್ಕೆ ಕುಡಿಸು. ಯಂತ್ರ ಅಂಕಿ ಹೇಳುತ್ತದೆ. ನಾನು ಸೇರಿದಾಗ ಹಾಟ್‌ಪ್ಲೇಟಿನ ಮೇಲೆ ಬೀಕರಿಟ್ಟು ಆಸಿಡ್ ಕುದಿಸುತ್ತಿದ್ದೆವು. ಹಳದಿ ಹೊಗೆ ಮೂಗಿಗೆ ಅಡರುತ್ತಿತ್ತು, ನನ್ನ ಕಾಟನ್ ಸೀರೆಗಳಲ್ಲಿ ತೂತಿಲ್ಲದ ಸೀರೆ ಒಂದೂ ಇರಲಿಲ್ಲ. ಈಗ ಮುಚ್ಚಿದ ಡಬ್ಬಿಯಲ್ಲಿ ಮೈಕ್ರೋವೇವ್ ಕರಗಿಸಿಕೊಡುತ್ತದೆ, ಹೊಸ ಯಂತ್ರ ಇಪ್ಪತ್ತು ಲೋಹಗಳನ್ನು ಒಂದೇ ಗುಟುಕಿಗೆ ಹೇಳುತ್ತದೆ. ಯಂತ್ರ ಜಾಣವಾಯಿತು. ನಾವು ಜಾಣರಾದೆವೇ ಎನ್ನುವುದನ್ನು ಮುಂದೆ ನೋಡಿ.

ನಮ್ಮ ದೊಡ್ಡವರು ದೇಶಪಾಂಡೆ ಸರ್. ಬೆಳಗಾವಿ ಕಡೆಯವರು, ಅರ್ಧ ಮರಾಠಿ, ಅರ್ಧ ಕನ್ನಡ. ಮರಾಠಿಯಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ನನ್ನನ್ನು ಕೊನೆಯವರೆಗೂ 'ಬಾಯಿ' ಎಂದೇ ಕರೆದರು. ಒಳ್ಳೆಯ ಮನುಷ್ಯ, ಆದರೆ ಹೆಸರಿನ ಹುಚ್ಚು. ಒಂದು ಸಲ ಅಳಲೆಕಾಯಿ ಬಂತು. ಕಲ್ಲಿನ ಹಾಗೆ ಗಟ್ಟಿ, ಮಿಕ್ಸಿಯ ಬ್ಲೇಡು ಮುರಿದೇ ಹೋಯಿತು. ನಾನು ಎಲ್ಲಿಂದಲೋ ಒಂದು ಕಬ್ಬಿಣದ ಕುಟ್ಟಾಣಿ ತರಿಸಿ ಕುಟ್ಟಿದೆ. ಯಂತ್ರ ನೋಡಿದರೆ ಕಬ್ಬಿಣವೋ ಕಬ್ಬಿಣ! ದೇಶಪಾಂಡೆ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಬಾಯಿ, ಇದು ರಕ್ತ ಏರಸೋ ಕಾಯಿ ಅದರೀ! ಯಾರಿಗೂ ಇಷ್ಟು ಸಿಕ್ಕಿಲ್ಲ. ಪೇಪರ್ ಬರಿಯೂಣು." ಪುಡಿಗೆ ನೀರು ಬಿದ್ದಾಗ ಅದು ಶಾಯಿಯ ಹಾಗೆ ಕಪ್ಪಾಗಿತ್ತು. ಅಳಲೆಯ ಒಗರು ಕಬ್ಬಿಣ ಸೋಕಿದರೆ ಕಪ್ಪಾಗುತ್ತದೆ ಎಂದು ಯಾವ ಕೆಮಿಸ್ಟ್ರಿ ವಿದ್ಯಾರ್ಥಿಗೂ ಗೊತ್ತು. ನಮಗಿಬ್ಬರಿಗೂ ಗೊತ್ತಿತ್ತು. ಆದರೂ ಹೊಳೆಯಲಿಲ್ಲ.

ದಾದರ್‌ನ ಒಂದು ಸಭಾಂಗಣದಲ್ಲಿ ಸರ್ ಆ ಪೇಪರ್ ಓದಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕರು ಮೆಲ್ಲಗೆ ಕೇಳಿದರು, "ಕಾಯಿ ಕುಟ್ಟಿದ್ದು ಯಾವುದರಲ್ಲಿ?" ಸರ್ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಉತ್ತರ ನಮ್ಮ ಹತ್ತಿರ ಇತ್ತು, ಅದಕ್ಕೇ ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಆ ಕುಟ್ಟಾಣಿ ಕಿಟಕಿಗೆ ಅಡ್ಡ ಕೊಡುವ ಕೆಲಸಕ್ಕೆ ಹೋಯಿತು, ಲ್ಯಾಬಿಗೆ ಗಟ್ಟಿಮುಟ್ಟಾದ ಸ್ಟೀಲಿನ ದೊಡ್ಡ ಮಿಕ್ಸಿ ಬಂತು. ಅರೆಯುವ ಪಾತ್ರೆಯೇ ಮಾದರಿಗೆ ಬೆರಕೆಯಾಗಬಹುದು ಎಂದು ಅವತ್ತೇ ಕಲಿತೆ ಎಂದುಕೊಂಡಿದ್ದೆ. ಎಲ್ಲಿ ಕಲಿತೆ!

ಆಮೇಲಿನದು ಪ್ರಾಜಕ್ತಾಳ ವಿಷಯ. ಹೊಸದಾಗಿ ಸೇರಿದ ಹುಡುಗಿ, ಚುರುಕು, ಮುಖಕ್ಕೆ ಪೌಡರ್ ಸ್ವಲ್ಪ ಜಾಸ್ತಿ. ಒಂದು ಬೇಲದ ಹಣ್ಣಿನ ಮಾದರಿಯಲ್ಲಿ ಸತು ಸಿಕ್ಕಾಪಟ್ಟೆ ಬಂತು. ನಾನು ಹುಡುಕಿ ಹುಡುಕಿ ಕೊನೆಗೆ ಅವಳ ಮುಖಕ್ಕೆ ಬಂದು ನಿಂತೆ. ಆ ಪೌಡರಿನಲ್ಲಿ ಸತು ಇತ್ತು, ಅವಳು ಬೀಕರಿನ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದಳು. ಕಂಡುಹಿಡಿದ ಖುಷಿಯಲ್ಲಿ ನನ್ನ ನಾಲಿಗೆಗೆ ಲಗಾಮು ಇರಲಿಲ್ಲ. "ಏನಮ್ಮಾ, ನಿನ್ನ ಮುಖ ನಮ್ಮ ಬೇಲದ ಹಣ್ಣಿನಲ್ಲಿ ಸಿಕ್ಕಿತು ನೋಡು. ಮನೆಯಿಂದ ಬರೋವಾಗ ಕನ್ನಡಿ ಮುಂದೆ ಅಷ್ಟು ಹೊತ್ತು ನಿಲ್ಲೋ ಬದಲು ಪುಸ್ತಕ ತೆಗೀಬಾರ್ದಾ?" ಎಂದು ಎಲ್ಲರೆದುರು ಹೇಳಿದೆ. ಅಲ್ಲೇ ಸಿಂಕಿನಲ್ಲಿ ಮುಖ ತೊಳೆಸಿದೆ. ಅವಳು ಒದ್ದೆ ಮುಖದಲ್ಲೇ ಬಂದು ಸ್ಟೂಲಿನ ಮೇಲೆ ಕೂತು ಕೆಲಸ ಮುಂದುವರಿಸಿದಳು. ಅಂದಿನಿಂದ ಪೌಡರ್ ಹಚ್ಚಲಿಲ್ಲ, ನನ್ನ ಜೊತೆ ಕೆಲಸಕ್ಕೆ ಬೇಕಾದ ಮಾತಿಗಿಂತ ಹೆಚ್ಚು ಆಡಲೂ ಇಲ್ಲ. ಈ ಹುಡುಗಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚಿನದು.

ನಮ್ಮ ಲ್ಯಾಬಿನಲ್ಲಿ ದಸರಾ ಪೂಜೆ ಜೋರು. ಮುಂಬೈಯಲ್ಲಿ ರಿಕ್ಷಾದಿಂದ ಹಿಡಿದು ಲೇತ್ ಮಷೀನಿನವರೆಗೆ ಎಲ್ಲಕ್ಕೂ ಅವತ್ತು ಹೂವು, ನಾವೇನು ಕಡಿಮೆ? ಓವನ್, ತಕ್ಕಡಿ, ಮಿಕ್ಸಿ, ದೊಡ್ಡ ಯಂತ್ರ ಎಲ್ಲಕ್ಕೂ ಚೆಂಡುಹೂವಿನ ಮಾಲೆ. ಪೂಜೆ ನನ್ನದೇ ಜವಾಬ್ದಾರಿ. "ಬಾಯಿ ಕೈಯಿಂದ ಆದ್ರ ವರ್ಷಾಪೂರ್ತಿ ಮಷೀನ್ ಕೆಡೂದಿಲ್ಲ" ಎಂದು ದೇಶಪಾಂಡೆ ಸರ್ ಹೇಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಆ ವರ್ಷ ಕುಂಕುಮದ ಜೊತೆಗೆ ದಾದರ್ ಸ್ಟೇಷನ್ ಹೊರಗಿನ ಹೂವಿನ ಮಾರ್ಕೆಟ್ಟಿನಿಂದ ಸಿಂಧೂರವನ್ನೂ ತಂದೆ. ಕಿತ್ತಳೆ ಬಣ್ಣದ್ದು, ಎಣ್ಣೆಯಲ್ಲಿ ಕಲಸಿ ಹಚ್ಚುವುದು. ಸ್ಟೀಲಿನ ಮೇಲೆ ಎಷ್ಟು ಚೆನ್ನಾಗಿ ಎದ್ದು ಕಾಣುತ್ತೆ ಎಂದು ಮೆಚ್ಚಿಕೊಂಡು ಮಿಕ್ಸಿಯ ಮುಚ್ಚಳದ ಮೇಲೆ ದೊಡ್ಡದಾಗಿ ಸ್ವಸ್ತಿಕ ಬರೆದೆ. ಪೂಜೆಯ ಸಿಂಧೂರವನ್ನು ಒರೆಸಬಾರದು, ಅದಾಗಿಯೇ ಹೋಗಬೇಕು ಎಂಬುದು ನಮ್ಮ ಲ್ಯಾಬಿನ ಪದ್ಧತಿ. ಯಾರೂ ಒರೆಸಲಿಲ್ಲ. ನಾನಂತೂ ಒರೆಸಗೊಡುತ್ತಿರಲಿಲ್ಲ.

ಅದಾದ ಮೇಲೆ ದಸ್ತಗೀರ್ ಸಾಹೇಬರ ಒಣನೆಲ್ಲಿ ಬಂತು. ದಸ್ತಗೀರ್ ಸಾಹೇಬರು ಬಾಗಲಕೋಟೆ ಕಡೆಯವರು, ದಹಿಸರ್‌ನಲ್ಲೇ ಸಣ್ಣ ಗೋಡೌನು. ಊರ ಕಡೆಯಿಂದ ನೆಲ್ಲಿಕಾಯಿ ತರಿಸಿ, ಬೇಯಿಸಿ, ಬೀಜ ಬಿಡಿಸಿ, ಒಣಗಿಸಿ ಒಂದು ಔಷಧಿ ಕಂಪನಿಗೆ ಕೊಡುತ್ತಿದ್ದರು. ಬೇಯಿಸಿ ಬಿಡಿಸಿ ಒಣಗಿಸುವುದೆಲ್ಲ ಅವರ ಹೆಂಡತಿ ಖೈರೂನ್‌ಬೀ ಅವರ ಕೈ. ನಮ್ಮ ರಿಪೋರ್ಟ್ ಸರಿಯಿದ್ದರೆ ಮಾತ್ರ ಕಂಪನಿ ಮಾಲು ಎತ್ತುತ್ತಿತ್ತು. ದೀಪಾವಳಿ ಬಂತೆಂದರೆ ಬೇರೆ ವ್ಯಾಪಾರಿಗಳು ಮಿಠಾಯಿ ಡಬ್ಬಿ ಹಿಡಿದು ಬಂದು "ಮೇಡಂ, ಜರಾ ದೇಖ್ ಲೇನಾ", ಸ್ವಲ್ಪ ನೋಡಿಕೊಳ್ಳಿ, ಎಂದು ಹಲ್ಲು ಕಿರಿಯುತ್ತಿದ್ದರು. ಈ ಮನುಷ್ಯ ಮಾದರಿಯ ಚೀಲ ಮೇಜಿನ ಮೇಲಿಟ್ಟು "ಅಕ್ಕಾರ, ಚಂದಾಗಿ ನೋಡ್ರಿ, ಉಣ್ಣೋ ಚೀಜ ಐತಿ" ಎಂದಷ್ಟೇ ಹೇಳಿ ಹೋಗುತ್ತಿದ್ದರು. ಮುಂಬೈಯಲ್ಲಿ ಕನ್ನಡದಲ್ಲಿ ಅಕ್ಕಾರ ಎಂದು ಕರೆಯುವವರು ಎಷ್ಟು ಜನ ಸಿಗುತ್ತಾರೆ? ನನಗೂ ಅವರ ಮೇಲೆ ಅಭಿಮಾನವಿತ್ತು.

ಅವರ ನೆಲ್ಲಿಯಲ್ಲಿ ಸೀಸ ಬಂತು. ಮಿತಿ ದಾಟಿ, ಬಹಳ ದಾಟಿ ಬಂತು.

ನಾನು ಒಂದು ಸಲ ನೋಡಿ ಬರೆದುಕೊಟ್ಟವಳಲ್ಲ. ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಅಂಕಿ. ಬರೀ ಆಸಿಡ್ಡನ್ನೂ ಯಂತ್ರಕ್ಕೆ ಕುಡಿಸಿ ನೋಡಿದೆ. ಅದಕ್ಕೆ ನಾವು ಬ್ಲ್ಯಾಂಕ್ ಎನ್ನುತ್ತೇವೆ, ಆಸಿಡ್ಡಿನಲ್ಲೇ ಏನಾದರೂ ಸೇರಿದ್ದರೆ ಗೊತ್ತಾಗಲಿ ಎಂದು ಮಾಡುವುದು. ಅದು ಶುದ್ಧವಾಗಿತ್ತು. ಇನ್ನೇನು ಬೇಕು? ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ನನಗಿಂತ ಮುಂಚೆ ನಿಮಗೇ ಹೊಳೆಯಬಹುದು. ಮೂರು ಸಲ ಮಾಡಿದ್ದೂ ಒಂದೇ ಡಬ್ಬಿಯ ಪುಡಿಯಿಂದ. ಬ್ಲ್ಯಾಂಕಿನ ಆಸಿಡ್ಡು ಸೀಸೆಯಿಂದ ನೇರ ಯಂತ್ರಕ್ಕೆ ಹೋಗಿತ್ತು, ಮಿಕ್ಸಿಯ ಮುಖವನ್ನೇ ನೋಡಿರಲಿಲ್ಲ. ಮಾದರಿ ನಡೆದ ದಾರಿಯಲ್ಲಿ ನಡೆಯದ ಬ್ಲ್ಯಾಂಕ್ ಏನನ್ನು ಹೇಳೀತು?

ರಿಪೋರ್ಟ್ ತೆಗೆದುಕೊಳ್ಳಲು ದಸ್ತಗೀರ್ ಸಾಹೇಬರೇ ಬಂದರು. ನಾನು ಎದುರಿಗೆ ಕೂರಿಸಿ ತಿಳಿಸಿ ಹೇಳಿದೆ. ತಿಳಿದವಳು ನೋಡಿ! ಸೀಸ ಎಂದರೆ ಏನು, ಮೂಳೆಯಲ್ಲಿ ಹೇಗೆ ಕೂರುತ್ತದೆ, ಬಸುರಿಯರಿಗೆ ಎಷ್ಟು ಕೆಟ್ಟದ್ದು, ಹೊಟ್ಟೆಯಲ್ಲಿರುವ ಮಗುವಿನ ಬುದ್ಧಿಗೆ ಹೇಗೆ ಏಟು ಬೀಳುತ್ತದೆ, ಎಲ್ಲ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಬೇಕಾದರೆ ಇನ್ನೊಂದು ಲ್ಯಾಬಿನಲ್ಲಿ ತೋರಿಸಿ ಸಾಹೇಬ್ರೆ" ಎಂದೆ.

"ಯಾಕ್ರಿ ಅಕ್ಕಾರ? ನೀವ್ ಹೇಳಿದ ಮ್ಯಾಲ ಮುಗೀತು. ನೀವು ನಮಗ ಸುಳ್ಳು ಹೇಳತೀರೇನು?" ಎಂದು ಎದ್ದರು. ಬಾಗಿಲ ಹತ್ತಿರ ತಿರುಗಿ, "ಎಲ್ಲಿಂದ ಬಂತ್ರಿ ಇದು? ನೀರಿನ್ಯಾಗೋ, ಪಾತ್ರ್ಯಾಗೋ?" ಎಂದು ಕೇಳಿದರು.

"ಎಲ್ಲಿಂದಲಾದರೂ ಬರಬಹುದು. ಪಾತ್ರೆ, ಬಟ್ಟೆ, ಒಣಗಿಸೋ ಜಾಗ, ಬಿಡಿಸೋರ ಕೈ" ಎಂದು ನಾನು ಬೆರಳು ಮಡಿಸಿ ಎಣಿಸಿದೆ. ಆ ಕೊನೆಯ ಬೆರಳನ್ನು ಮಡಿಸದೆ ಇದ್ದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಬೇರೆ ವ್ಯಾಪಾರಿಯಾಗಿದ್ದರೆ ಜಗಳ ಮಾಡುತ್ತಿದ್ದ, ಆ ಮಾಲನ್ನು ಇನ್ನೊಬ್ಬರಿಗೆ ಸಾಗಹಾಕುತ್ತಿದ್ದ. ಇವರು ಗೋಡೌನಿನಲ್ಲಿದ್ದ ಚೀಲಗಳನ್ನೆಲ್ಲ ಮುನ್ಸಿಪಾಲಿಟಿಯ ಕಸದ ಗಾಡಿಗೆ ಹಾಕಿಸಿದರು. ಬಿಲ್ಡಿಂಗಿನ ಮಕ್ಕಳಿಗೆ ಕೊಟ್ಟಿದ್ದ ನೆಲ್ಲಿ ಮುರಬ್ಬದ ಬಾಟಲಿಗಳನ್ನೂ ಮನೆ ಮನೆಗೆ ಹೋಗಿ ವಾಪಸು ಕೇಳಿ ತಂದು ಚೆಲ್ಲಿದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಸ್ವಲ್ಪ ದಿನ ಬಿಟ್ಟು ಒಂದು ಮಧ್ಯಾಹ್ನ ರಿಸೆಪ್ಷನ್ನಿನ ಹುಡುಗಿ ನಗು ತಡೆಯಲಾರದೆ ಒಳಗೆ ಬಂದಳು. "ಮೇಡಂ, ಕೋಯೀ ಆಂಟಿ ಆಯೀ ಹೈ, ಹಾಥ್ ಧೋಯಾ ಹುವಾ ಪಾನೀ ಲೇಕೆ!" ಹೊರಗೆ ಹೋದರೆ ಬುರ್ಖಾ ತೊಟ್ಟ ಹೆಂಗಸು ಬೆಂಚಿನ ತುದಿಯಲ್ಲಿ ಕೂತಿದ್ದರು. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ. ನನ್ನನ್ನು ಕಂಡು ಎದ್ದು ನಿಂತರು.

"ನಾ ದಸ್ತಗೀರ್ ಸಾಬರ ಮನಿಯಾಕಿರಿ, ಖೈರೂನ್‌ಬೀ. ಇದು ನನ್ನ ಕೈ ತೊಳದ ನೀರು ಐತ್ರಿ ಅಕ್ಕಾರ. ಇದನ್ನೊಂದು ಟೆಸ್ಟ್ ಮಾಡಿ ಕೊಡ್ರಿ."

ನನಗೆ ಸಿಟ್ಟು ಬಂತು. ಮಧ್ಯಾಹ್ನದ ಹೊತ್ತು, ಕೆಲಸ ರಾಶಿ ಬಿದ್ದಿದೆ, ಇವರದೊಂದು. "ಅಮ್ಮಾ, ಹಾಗೆಲ್ಲ ಟೆಸ್ಟ್ ಮಾಡೋಕಾಗಲ್ಲ ಇಲ್ಲಿ. ಸೋಪು ಹಾಕಿ ಕೈ ತೊಳ್ಕೊಳ್ಳಿ, ಸಾಕು" ಎಂದೆ.

"ತೊಳದೇನ್ರಿ, ತೊಳದ ತೊಳದ ಚರ್ಮ ಹೋಗೇತಿ" ಎಂದು ಎರಡೂ ಅಂಗೈ ಮುಂದೆ ಚಾಚಿದರು. ಮಾಸಿದ ಮೆಹಂದಿಯ ನಡುವೆ ಚರ್ಮ ಬಿರಿದು ಕೆಂಪಾಗಿತ್ತು. "ಮಗಳು ಹೆರಿಗಿಗೆ ಮನಿಗೆ ಬಂದಾಳ್ರಿ, ಚೊಚ್ಚಲ ಬಸುರಿ. ಹೊಟ್ಯಾಗಿನ ಕೂಸಿಗೆ ಈ ಸೀಸ ಹತ್ತತೈತಂತ ನೀವ ಹೇಳಿದ್ರಂತ. ಅವತ್ತಿಂದ ನಾ ಒಲಿ ಮುಟ್ಟಿಲ್ರಿ. ಹೋಟೆಲಿಂದ ಡಬ್ಬಿ ಬರತೈತಿ. ಅಕಿ ಅಮ್ಮೀ ರೊಟ್ಟಿ ಬಡಿ, ಅಮ್ಮೀ ರೊಟ್ಟಿ ಬಡಿ ಅಂತ ದಿನಾ ಅಳತಾಳ. ಹ್ಯಾಂಗ ಬಡೀಲ್ರಿ? ಆ ನೆಲ್ಲಿಕಾಯಿ ಎಲ್ಲಾ ನನ್ನ ಈ ಕೈಯಾಗ ಬಿಡಿಸಿದ್ದು."

ನಾನು ಬಾಟಲಿ ಇಸಿದುಕೊಂಡೆ. ಕನಿಕರದಿಂದ ಅಲ್ಲ, ಅವರನ್ನು ಸಾಗಹಾಕಿದರೆ ಸಾಕು ಎಂದು. "ನಾಳೆ ಹೇಳ್ತೀನಿ, ಹೋಗಿ" ಎಂದೆ.

ಒಂದು ನೀರನ್ನು ಅಳೆಯಬೇಕಾದರೆ ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದು ಇರಬೇಕು. ಸೀಸವಿಲ್ಲದ ಕೈ ತೊಳೆದ ನೀರು ಎಲ್ಲಿ ಸಿಗುತ್ತದೆ? ನನ್ನದೇ ಇದೆಯಲ್ಲ! ಶುದ್ಧ ನೀರಿನಲ್ಲಿ ನನ್ನ ಕೈ ತೊಳೆದು ಇನ್ನೊಂದು ಬಾಟಲಿಗೆ ತುಂಬಿದೆ. ಅದರ ಮೇಲೆ 'ಬ್ಲ್ಯಾಂಕ್' ಎಂದು ಬರೆದೆ. ನನ್ನ ಕೈ ಸ್ವಚ್ಛ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮರುದಿನ ಬೆಳಿಗ್ಗೆ ಎರಡನ್ನೂ ಯಂತ್ರಕ್ಕೆ ಕೊಟ್ಟೆ. ಖೈರೂನ್‌ಬೀ ಕೈ ತೊಳೆದ ನೀರಿನಲ್ಲಿ ಸೀಸ ಇಲ್ಲ ಎನ್ನುವಷ್ಟು ಕಡಿಮೆ. ನನ್ನ ಕೈ ತೊಳೆದ ನೀರಿನಲ್ಲಿ ಸೀಸ.

ಬಾಟಲಿ ಅದಲು ಬದಲಾಗಿರಬೇಕು ಎಂದು ಮತ್ತೆ ಕೊಟ್ಟೆ. ಅದೇ ಅಂಕಿ. ನಾನು ಕೈಯನ್ನು ಕಣ್ಣ ಹತ್ತಿರ ಹಿಡಿದು ನೋಡಿಕೊಂಡೆ. ಬಲಗೈಯ ಉಗುರಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಗೆರೆ. ಕಾಲು ತಾನಾಗಿಯೇ ಮಿಕ್ಸಿಯ ಕಡೆ ಹೋಯಿತು. ಮುಚ್ಚಳದ ಸ್ವಸ್ತಿಕ ಅರ್ಧ ಅಳಿಸಿಹೋಗಿತ್ತು. ಎಲ್ಲಿಗೆ ಹೋಗಿತ್ತು? ಮುಚ್ಚಳ ತಿರುಗಿಸಿ ನೋಡಿದರೆ ಎಣ್ಣೆ ಅಂಚಿನಿಂದ ಇಳಿದು ಒಳಗಿನ ರಬ್ಬರ್ ರಿಂಗಿನ ಸುತ್ತ ಕಿತ್ತಳೆ ಬಣ್ಣದ ಜಿಡ್ಡು ಕಟ್ಟಿತ್ತು. ನಾನು ದಿನಾ ಅದನ್ನು ಅಂಗೈಯಿಂದ ಒತ್ತಿ ಹಿಡಿದು ಮಿಕ್ಸಿ ಓಡಿಸುತ್ತಿದ್ದೆ. ದಸರಾ ಆದ ಮೇಲೆ ಬಂದ ಬೇರೆ ಮಾದರಿಗಳೆಲ್ಲ ಮೆತ್ತಗಿದ್ದವು, ಆ ಗಟ್ಟಿ ನೆಲ್ಲಿ ಹೋಳುಗಳು ಮಾತ್ರ ಒಳಗೆ ಕುಣಿದು ಮುಚ್ಚಳಕ್ಕೆ ಹೊಡೆದು ಅದನ್ನೆಲ್ಲ ಕೆರೆದುಕೊಂಡಿದ್ದವು.

ಎಲ್ಲ ಸಿಂಧೂರದಲ್ಲೂ ಸೀಸ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ನಾನು ತಂದದ್ದರಲ್ಲಿ ಇತ್ತು. ಕೆಂಪು ಸೀಸ ಎಂಬ ಪದಾರ್ಥ ಕಿತ್ತಳೆ ಬಣ್ಣದ್ದು, ಅಗ್ಗದ ಸಿಂಧೂರಕ್ಕೆ ಅದನ್ನೇ ಬಳಸುತ್ತಾರೆ ಎಂದು ಕಾಲೇಜಿನಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಹೊಸಬರಿಗೆ ಪಾಠವನ್ನೂ ಮಾಡಿದ್ದೆ. ಸೀಸ ಹುಡುಕುವುದೇ ಕಸುಬಾದವಳು ಸೀಸವನ್ನು ಎಣ್ಣೆಯಲ್ಲಿ ಕಲಸಿ ಕೈಯಾರೆ ಮುಚ್ಚಳಕ್ಕೆ ಬಳಿದು ಕೈ ಮುಗಿದು ನಿಂತಿದ್ದೆ. ಥೂ ನನ್ನ ಜನ್ಮಕ್ಕೆ!

ದಸ್ತಗೀರ್ ಸಾಹೇಬರ ಮಾದರಿಯಲ್ಲಿ ಅರೆಯದೆ ತೆಗೆದಿಟ್ಟಿದ್ದ ಒಂದು ಹಿಡಿ ನೆಲ್ಲಿ ಇನ್ನೂ ಇತ್ತು. ಪ್ರತಿ ಮಾದರಿಯಲ್ಲೂ ಹಾಗೆ ಸ್ವಲ್ಪ ಉಳಿಸಬೇಕೆಂಬ ನಿಯಮವಿದೆ. ಅದನ್ನು ಕಲ್ಲಿನ ಸಣ್ಣ ಕುಟ್ಟಾಣಿಯಲ್ಲಿ ಕುಟ್ಟಿ ನೋಡಿದೆ. ಸೀಸವೇ ಇಲ್ಲ. ಸುಣ್ಣ, ಕಬ್ಬಿಣ, ಸತು ಎಲ್ಲ ಹಿತಮಿತವಾಗಿದ್ದ ಚೆಂದದ ನೆಲ್ಲಿ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಪ್ರಾಜಕ್ತಾ ದೂರದಿಂದ ಎಲ್ಲ ನೋಡುತ್ತಿದ್ದಳು. ಅವಳು ಒಂದು ಮಾತು ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಮುಖದ ಪೌಡರಿನ ಋಣ ತೀರಿಸಿಕೊಳ್ಳಲು ಅವಳಿಗೆ ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಅವಳು ಎದ್ದು ಬಂದು, ಹತ್ತಿ ತೆಗೆದುಕೊಂಡು, ಮುಚ್ಚಳವನ್ನು ಸಿಂಕಿಗೆ ಒಯ್ದು ತೊಳೆಯಲು ಶುರು ಮಾಡಿದಳು. ನನ್ನ ಕಡೆ ನೋಡಲೂ ಇಲ್ಲ.

ದೇಶಪಾಂಡೆ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ರಿಪೋರ್ಟ್ ಬದಲಿ ಮಾಡಿ ಕೊಡೂಣು, ಬಾಯಿ. ಕಂಪನಿಗೆ ನಾನೇ ಫೋನ್ ಮಾಡಿ ಅವರ ತಪ್ಪಿಲ್ಲಂತ ಹೇಳತೀನಿ. ಆದ್ರ ಕಾರಣ ಕೇಳಿದ್ರ ಮಷೀನ್ ದೋಷ ಅನ್ರಿ. ಪೂಜಾ, ಸಿಂಧೂರ ಅಂತ ಅವರ ಮನ್ಯಾಗ ಬಾಯಿ ಬಿಡಬ್ಯಾಡ್ರಿ. ದಿನಮಾನ ಚಲೋ ಇಲ್ಲ. ಮಾತು ಎಲ್ಲೆಲ್ಲಿಗೋ ಹೋಗತದ."

ಆ ಮಾತು ನನಗೆ ಹಿತವಾಗಿತ್ತು ಎನ್ನುವುದನ್ನೂ ಬರೆದುಬಿಡಬೇಕು. ದಿನಮಾನದ ಹೆಸರಿನಲ್ಲಿ ನನ್ನ ಮಾನ ಉಳಿಯುತ್ತಿತ್ತಲ್ಲ.

ಈಗ ಆ ಲ್ಯಾಬಿನಲ್ಲಿ ದಸರೆಗೆ ಯಂತ್ರಗಳ ಎದುರು ಒಂದು ತಟ್ಟೆಯಿಟ್ಟು ಅದಕ್ಕೇ ಪೂಜೆ ಮಾಡುತ್ತಾರೆ. ಯಂತ್ರಕ್ಕೆ ಒಂದು ಹೂವು, ಅದನ್ನೂ ಸಂಜೆ ತೆಗೆಯುತ್ತಾರೆ. ಪ್ರತಿ ಮಾದರಿಗೆ ಮುಂಚೆ ಸೀಸವಿಲ್ಲವೆಂದು ಗೊತ್ತಿರುವ ಅಕ್ಕಿಯನ್ನು ಅದೇ ಮಿಕ್ಸಿಯಲ್ಲಿ ಅರೆದು, ಅದೇ ದಾರಿಯಲ್ಲಿ ನಡೆಸಿ ನೋಡುತ್ತಾರೆ. ಆ ನಿಯಮ ತಂದವಳು ಪ್ರಾಜಕ್ತಾ. ನೀವು ಎಲ್ಲಿ ಕೆಲಸಕ್ಕೆ ಸೇರಿದರೂ ಇದನ್ನು ಮಾಡಿ, ಯಾರಾದರೂ ನಕ್ಕರೆ ನಗಲಿ.

ಸೀಸದ ಮೂಲ ಸಿಕ್ಕಿದ ಆ ದಿನವೇ ಸಂಜೆ ಹೊಸ ರಿಪೋರ್ಟ್ ಹಿಡಿದು ದಸ್ತಗೀರ್ ಸಾಹೇಬರ ಮನೆಗೆ ಹೋದೆ. ದಹಿಸರ್ ನದಿಯ ಆಚೆ, ಹಳೆಯ ಬಿಲ್ಡಿಂಗಿನ ಎರಡನೇ ಮಾಳಿಗೆ. ರಿಕ್ಷಾದಲ್ಲಿ ಉದ್ದಕ್ಕೂ "ಮಷೀನ್ ದೋಷ, ಮಷೀನ್ ದೋಷ" ಎಂದು ಬಾಯಿಪಾಠ ಮಾಡಿಕೊಂಡೆ. ದಸ್ತಗೀರ್ ಸಾಹೇಬರು ಗಾಬರಿಯಿಂದ ಎದ್ದು ಕುರ್ಚಿ ಒರೆಸಿದರು. ಮಗಳು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ತುಂಬಿದ ಹೊಟ್ಟೆ, ಇಳಿದ ಮುಖ. ಮೂಲೆಯಲ್ಲಿ ಹೋಟೆಲಿನ ಡಬ್ಬಿ ಬಿಚ್ಚದೆ ಹಾಗೇ ಇತ್ತು. ಖೈರೂನ್‌ಬೀ ಅಡುಗೆಮನೆಯ ಬಾಗಿಲಲ್ಲಿ, ಹೊಸಿಲು ದಾಟದೆ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು.

"ನಿಮ್ಮ ಕೈಯಲ್ಲಿ ಏನೂ ಇಲ್ಲಮ್ಮಾ. ನೆಲ್ಲಿಯಲ್ಲೂ ಏನೂ ಇರಲಿಲ್ಲ. ನಮ್ಮ ಮಷೀನಿನ ದೋಷ. ತಪ್ಪಾಯಿತು" ಎಂದೆ.

ದಸ್ತಗೀರ್ ಸಾಹೇಬರು ಸ್ವಲ್ಪ ಹೊತ್ತು ರಿಪೋರ್ಟನ್ನೇ ನೋಡಿದರು. ಚೆಲ್ಲಿದ ಚೀಲಗಳು ಅವರ ಕಣ್ಣ ಮುಂದೆ ಬಂದಿರಬೇಕು. ಆ ವರ್ಷದ ಹಂಗಾಮು ಅವರ ಪಾಲಿಗೆ ಮುಗಿದೇ ಹೋಗಿತ್ತು. ಆದರೂ, "ಆಗಲಿ ಬಿಡ್ರಿ ಅಕ್ಕಾರ. ಮಷೀನ್ ಅಂದ ಮ್ಯಾಲ ಕೆಡತೈತಿ" ಎಂದರು. ನನಗೆ ಉಸಿರು ಬಂತು.

"ಹಂಗಾರ," ಎಂದರು ಖೈರೂನ್‌ಬೀ ಬಾಗಿಲಿಂದಲೇ, "ನನ್ನ ಕೈ ನೀರು ನೋಡಿದ್ದೂ ಅದ ಮಷೀನ್ ಏನ್ರಿ?"

"ಹೌದು."

"ಕೆಟ್ಟ ಮಷೀನ್ ನೆಲ್ಲಿಕಾಯಿಗೆ ಸುಳ್ಳು ಹೇಳಿತಂದ್ರ, ನನ್ನ ಕೈಗೂ ಸುಳ್ಳು ಹೇಳಿರಬಹುದಲ್ರಿ? ನಾ ಹ್ಯಾಂಗ ನಂಬಲಿ? ಇಲ್ಲ ಬಿಡ್ರಿ. ಹೆರಿಗಿ ಆಗೋ ತನ ಡಬ್ಬೀನ ಬರಲಿ."

ಮಗಳು ಮುಖ ತಿರುಗಿಸಿ ಗೋಡೆಯ ಕಡೆ ನೋಡಿದಳು. ನನ್ನ ಬಾಯಿಪಾಠ ಅಲ್ಲಿಗೆ ಮುಗಿಯಿತು. ನನ್ನ ಮಾನ ಉಳಿಸಿಕೊಂಡು ಆ ಹೆಂಗಸಿನ ಕೈಯ ಮೇಲಿನ ಅನುಮಾನ ಬಿಡಿಸಲು ದಾರಿಯೇ ಇರಲಿಲ್ಲ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು.

"ಮಷೀನ್ ಕೆಟ್ಟಿರಲಿಲ್ಲ" ಎಂದೆ. "ಮಷೀನ್ ಎರಡು ಸಲವೂ ನಿಜವನ್ನೇ ಹೇಳಿತು. ದಸರಾ ಪೂಜೆಗೆ ಅಂತ ನಾನು ತಂದ ಸಿಂಧೂರದಲ್ಲಿ ಸೀಸ ಇತ್ತು. ಅದನ್ನು ಮಿಕ್ಸಿ ಮುಚ್ಚಳಕ್ಕೆ ಹಚ್ಚಿದವಳೂ ನಾನೇ. ನಿಮ್ಮ ನೆಲ್ಲಿಗೆ ಅದು ಅಲ್ಲಿಂದ ಬಂತು. ನಿಮ್ಮ ಕೈ ನೀರಿನ ಪಕ್ಕದಲ್ಲಿಟ್ಟು ನೋಡೋಕೆ ಅಂತ ನನ್ನ ಕೈ ತೊಳೆದ ನೀರನ್ನೂ ಟೆಸ್ಟ್ ಮಾಡಿದೆ. ನಿಮ್ಮ ಕೈಯಲ್ಲಿ ಸೀಸ ಇರಲಿಲ್ಲ. ನನ್ನ ಕೈಯಲ್ಲಿ ಇತ್ತು."

ದಸ್ತಗೀರ್ ಸಾಹೇಬರು ನೆಲ ನೋಡುತ್ತಿದ್ದರು. ದೇಶಪಾಂಡೆ ಸರ್ ಹೇಳಿದ್ದು ಸರಿಯಾಗಿತ್ತೇನೋ, ಈಗ ಏನಾಗುತ್ತದೋ ಎಂದು ಹೆದರಿದೆ. ಖೈರೂನ್‌ಬೀ ಸೆರಗಿನಿಂದ ಕೈ ಬಿಡಿಸಿ ಹೊಸಿಲು ದಾಟಿ ಹತ್ತಿರ ಬಂದರು. ನನ್ನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿ ಉಗುರು ನೋಡಿದರು.

"ನಿಮ್ಮ ಮನ್ಯಾಗ ಸಣ್ಣ ಹುಡುಗರು ಅದಾವೇನ್ರಿ ಅಕ್ಕಾರ?"

ನನ್ನ ಮೊಮ್ಮಗಳು. ಮೂರು ವರ್ಷದ ಕೂಸು. ದಿನಾ ಸಂಜೆ ಲೋಕಲ್ ಇಳಿದು ಮನೆಗೆ ಹೋದ ಮೇಲೆ ನಾನೇ ಅವಳಿಗೆ ಮೊಸರನ್ನ ಕಲಸಿ ತುತ್ತು ಹಾಕುತ್ತಿದ್ದೆ. ಬೆಳಿಗ್ಗೆಯಿಂದ ರಿಪೋರ್ಟು, ಸರ್, ಮಾನ, ಮರ್ಯಾದೆ ಎಂದೆಲ್ಲ ತಲೆ ಕೆಡಿಸಿಕೊಂಡಿದ್ದ ನನಗೆ ಆ ಮಗುವಿನ ನೆನಪು ಒಂದು ಸಲವೂ ಬಂದಿರಲಿಲ್ಲ. ಈ ಹೆಂಗಸು ಮಗಳಿಗಾಗಿ ಒಲೆ ಬಿಟ್ಟಿದ್ದರು, ಚರ್ಮ ಬಿರಿಯುವ ತನಕ ಕೈ ತೊಳೆದಿದ್ದರು. ಸೀಸದ ಬಗ್ಗೆ ಭಾಷಣ ಮಾಡಿದ ನಾನು ಅದೇ ಕೈಯಿಂದ ತುತ್ತು ಹಾಕುತ್ತಿದ್ದೆ. ಮರುದಿನವೇ ಮಗುವಿನ ರಕ್ತ ಪರೀಕ್ಷೆ ಮಾಡಿಸಿದೆ, ದೇವರು ದೊಡ್ಡವನು, ಏನೂ ಇರಲಿಲ್ಲ. ಆದರೆ ಅದು ಮರುದಿನದ ಮಾತು. ಹೂಂ ಎಂದು ತಲೆಯಾಡಿಸಿದೆ, ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡ್ರಿ. ಮೊದಲ ಕೈ ತೊಳಕೊಳ್ರಿ, ಬರ್ರಿ" ಎಂದು ಅವರು ಒಳಗಿಂದ ಅಗಲವಾದ ತಟ್ಟೆ, ತಂಬಿಗೆ, ಸೋಪು ತಂದರು. ಮನೆಗೆ ಬಂದವರಿಗೆ ಊಟಕ್ಕೆ ಮುಂಚೆ ಹೀಗೆ ಕೈಗೆ ನೀರು ಹಾಕುವುದು ಅವರಲ್ಲಿ ರೂಢಿ. ನಾನು ಕೈ ಚಾಚಿದೆ, ಅವರು ನೀರು ಹಾಕಿದರು. ನಾನು ನಿಲ್ಲಿಸಿದಾಗ "ಇನ್ನೊಮ್ಮಿ, ಉಗುರು ತಿಕ್ಕರಿ" ಎಂದರು. ಮತ್ತೆ ತಿಕ್ಕಿ ತೊಳೆದೆ. ತಟ್ಟೆಯ ನೀರನ್ನು ಮೋರಿಗೆ ಚೆಲ್ಲಿ ಬಂದು, ತಮ್ಮ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ಅಡುಗೆಮನೆಗೆ ಹೋದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಮಗಳು ಮಂಚದ ಮೇಲೆ ನೆಟ್ಟಗೆ ಕೂತಳು. ಮೊದಲನೇ ರೊಟ್ಟಿ ಅವಳಿಗೆ ಹೋಯಿತು. ಎರಡನೆಯದನ್ನು ಖೈರೂನ್‌ಬೀ ನನ್ನ ತಟ್ಟೆಗೆ ಹಾಕಿದರು. ನಾನು ತಲೆ ಎತ್ತದೆ ತಿಂದೆ.